ನಮ್ಮ ಪಗಾರವಿಲ್ಲದ ಕೋಚ್

ಕಾಕಾನ ಮೊಣಕಾಲಿನ ಕೆಳಗೆಲ್ಲ ಬಿಳಿ ಗೀರುಗಳು. ಬೇಡಕಿಹಾಳದ ಕಬ್ಬಿನ ಹೊಲದಲ್ಲಿ ಒಣ ಗರಿ ಗೀರಿದ್ದು. ನಿಪ್ಪಾಣಿಯ ನಮ್ಮ ಹುಡುಗರ ಫುಟ್‌ಬಾಲ್ ಕ್ಲಬ್ಬಿಗೆ ಅವರೇ ಕೋಚ್, ಹುಡುಗರಿಗೆಲ್ಲ ಕಾಕಾ. ಪಗಾರ ಇಲ್ಲ, ಸೀಟಿಯೂ ಇಲ್ಲ. ನಾಲಿಗೆ ಮಡಚಿ ಸಿಳ್ಳೆ ಹೊಡೆದರೆ ಆಟ ನಿಲ್ಲಬೇಕು. "ಲೇ, ಚೆಂಡ ನೋಡಬ್ಯಾಡೋ, ಗೆಳ್ಯಾನ್ನ ನೋಡು. ಚೆಂಡ ಎಲ್ಲೂ ಓಡಿ ಹೋಗಂಗಿಲ್ಲ!" ಎನ್ನುತ್ತಿದ್ದರು. ನನ್ನ ಕಾಲಿನಿಂದ ಓಡಿಯೇ ಹೋಗುತ್ತಿತ್ತು, ಆ ಮಾತು ಬೇರೆ.

ಕಾಕಾನದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅದಕ್ಕೇ ತಂಡವನ್ನು ಬೇಗ ಮನೆಗೆ ಕಳಿಸಿ ಹೊರಡುವವರು, ಒಬ್ಬನೇ ಗೋಡೆಗೆ ಚೆಂಡು ಒದೆಯುತ್ತ ನಿಂತ ನನ್ನನ್ನು ಕಂಡು ಬೈಕು ನಿಲ್ಲಿಸಿಬಿಡುತ್ತಿದ್ದರು. "ನಿನ್ನ ಎಡಗಾಲ ಸತ್ತೈತಿ. ಎಬ್ಬಸೂಣು ಬಾ." ಚೆಂಡು ಕಾಣದಷ್ಟು ಕತ್ತಲಾಗುವವರೆಗೂ ಬಿಡುತ್ತಿರಲಿಲ್ಲ. ಅವರ ಊಟದ ನೆನಪು ನನಗೆ ಬರುತ್ತಲೇ ಇರಲಿಲ್ಲ.

ಪಾಲಕರು ಕಂಡದ್ದು ಬೇಗ ಮನೆಗೆ ಬರುವ ಮಕ್ಕಳನ್ನು ಮಾತ್ರ. "ಪುಕ್ಕಟೆ ಕೋಚ್ ಅಂದ್ರ ಹಿಂಗ. ಮನಿ ಕಡೆ ಓಡೂದ ಚಿಂತಿ," ಎಂದು ಅವರು ಗೊಣಗಿದ್ದಕ್ಕೆ, ಕ್ಲಬ್ಬಿನ ಕಮಿಟಿಯವರು ಕೊಲ್ಹಾಪುರದಿಂದ ಪಗಾರದ ಕೋಚ್ ಒಬ್ಬರನ್ನು ಕರೆಸಿದರು. ಕಾಕಾನಿಗೆ ಯಾರೂ ಹೇಳಲಿಲ್ಲ. ಎಂದಿನಂತೆ ಬಂದವರು ಹೊಸಬರ ಕೈ ಕುಲುಕಿದರು. ಆಮೇಲೆ ನಮ್ಮನ್ನೆಲ್ಲ ಪರಿಚಯಿಸಿದರು: "ಇವ್ನಿಗೆ ಬೈಬ್ಯಾಡ್ರಿ ಸರ್, ಆಟಾನ ಬಿಡ್ತಾನ. ಇವ್ನಿಗೆ ಬೈರಿ, ಇಲ್ಲಾಂದ್ರ ನಿಂತಲ್ಲೇ ಮಲಗ್ತಾನ." ಚೆಂಡಿನ ಚೀಲ ಇಳಿಸಿ ಹೊರಟುಹೋದರು.

ಹೊಸ ಸರ್ ಒಳ್ಳೆಯವರೇ, ಬಹಳ ಕಲಿಸಿದರು. ಆದರೂ ಮನಸ್ಸು ತಡೆಯದೆ ಕಾಕಾನನ್ನು ವಾಪಸ್ ಕರೆಯಲು ಮನೆಗೆ ಹೋದೆ. ಅವರ ಹೆಂಡತಿ ನಕ್ಕರು. "ಈಗ ಛಲೋ ಆತ ತಮ್ಮಾ, ದಿನಾ ಉಣ್ತಾರ. ನಿನ್ನ ಎಡಗಾಲಿನ ಸಲುವಾಗಿ ಎಷ್ಟ ಸಲ ಉಪಾಸ ಮಲಗ್ಯಾರ!"

ಕಮಿಟಿಗೆ ಹೇಳುತ್ತೇನೆ ಎಂದೆ.

"ಬ್ಯಾಡ," ಎಂದರು ಕಾಕಾ. "ಆ ಹೊಸ ಕೋಚ್ ಹುಡುಗನ ನೌಕರಿಗೆ ಕುತ್ತ ಬರ್ತೈತಿ. ನೀ ಆಡು."

ಆಡಿದೆ. ಸುಮ್ಮನಿದ್ದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಅವತ್ತು ಅವರ ಮನೆಯ ಅಂಗಳದಲ್ಲಿ ಕಮಿಟಿಯ ಹಿರಿಯರೊಬ್ಬರು ಹೊಗಳುತ್ತಲೇ ಹೇಳುತ್ತಿದ್ದರು: "ನೇಮದ ಮನಷ್ಯಾರಿ. ಏನ ಆದ್ರೂ ಹೊತ್ತ ಮುಳಗೂದ್ರಾಗ ಮನಿ ಸೇರ್ತಿದ್ರು."

"ಇಲ್ರಿ," ಎಂದೆ. "ನನ್ನ ಜೋಡಿ ಮೈದಾನದಾಗ ಇರ್ತಿದ್ರು. ಉಪಾಸ."

ಹಿರಿಯರು ನನ್ನನ್ನೇ ನೋಡಿದರು. "ಮತ್ತ ಮೊದಲ ಯಾಕ ಹೇಳಲಿಲ್ಲೋ?"

ಹೇಳಬೇಡ ಎಂದವರು ಒಳಗೆ ಪಡಸಾಲೆಯಲ್ಲಿ ಮಲಗಿದ್ದರು.