ಮೇಣದಜ್ಜನ ಕಡುಬು

ದೇಶದೇಶದ ಅಡುಗೆ ಬಡಿಸುವ ಹೋಟೆಲಿನ ಗಾಜಿನ ಕಪಾಟಿಗೆ ಆ ತಿನಿಸುಗಳನ್ನೆಲ್ಲ ಮೇಣದಲ್ಲಿ ಮಾಡಿಕೊಡುವುದು ಮೇಣದಜ್ಜನ ಕಸುಬು. ಪಟ ನೋಡಿ ಮಾಡಿದ್ದೇ ಹೊರತು ಒಂದನ್ನೂ ಬಾಯಿಗೆ ಹಾಕಿಕೊಂಡವನಲ್ಲ. ಕೊನೆಗೊಂದು ಮಧ್ಯಾಹ್ನ ಮಗಳು ಅವನನ್ನು ಅದೇ ಹೋಟೆಲಿನಲ್ಲಿ ಕೂರಿಸಿ ದೂರದೇಶದ ಕಡುಬು ತರಿಸಿದಳು. ನೋಡಿದರೆ, ಮೇಣದ ಕಡುಬಿನ ಬಿರುಕು ಮುಚ್ಚಲು, ಪಟದಲ್ಲಿಲ್ಲದಿದ್ದರೂ, ಅವನು ತೋಚಿದಂತೆ ಅಂಟಿಸಿದ್ದಂಥದೇ ಎಲೆ ಇಲ್ಲೂ ಕಡುಬಿನ ನೆತ್ತಿಯ ಮೇಲೆ ಕೂತಿದೆ.

ಅಡುಗೆಯವನನ್ನು ಕರೆಸಿ, "ಈ ಎಲೆ ಯಾಕಪ್ಪಾ?" ಎಂದು ಕೇಳಿದ.

"ನಂಗೇನ್ ಗೊತ್ತಜ್ಜ? ಕಪಾಟಲ್ಲಿರೋದನ್ನ ನೋಡ್ಕೊಂಡೇ ನಾನು ಮಾಡೋದು."

ಅಜ್ಜನಿಗೆ ತಲೆಬುಡ ತಿಳಿಯಲಿಲ್ಲ. ಹಾಗಾದರೆ ಅಸಲು ಯಾವುದು, ನಕಲು ಯಾವುದು? ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿದ್ದ ಆ ದೇಶದವನೇ ಒಬ್ಬ ತನ್ನ ಕಡುಬಿನ ಮೇಲಿನ ಎಲೆಯನ್ನು ಮೊದಲು ಬಾಯಿಗಿಟ್ಟುಕೊಂಡು ಕಣ್ಣೊರೆಸಿಕೊಂಡ.

"ಥೇಟ್ ನಮ್ಮಮ್ಮನ ಕೈರುಚಿನೇ" ಅಂದ.