ಹಗುರ ಚಕ್ರ ಮತ್ತು ತೂಕದಕ್ಕನ ‘ಹೂಂ’

ಬೆಳಗಿನ ಐದೂಮುಕ್ಕಾಲು. ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಬರಿಗಾಲಲ್ಲಿ ನಿಂತು, ಟೈರು ಹಾಕದ ಚಕ್ರವೊಂದನ್ನು ಎರಡೂ ಅಂಗೈ ಮೇಲೆ ಎತ್ತಿ ಹಿಡಿದಿದ್ದಾರೆ. ಕಣ್ಣು ಮುಚ್ಚಿದ್ದಾರೆ. “ಹತ್ತು ಕೆಜಿ ಏಳುನೂರು,” ಎನ್ನುತ್ತಾರೆ. ಆಮೇಲೆ ಅದನ್ನು ತಕ್ಕಡಿಯ ಮೇಲೆ ಇಡುತ್ತಾರೆ. ಕೆಂಪು ಅಂಕಿಗಳು ಓಡಾಡಿ ನಿಲ್ಲುತ್ತವೆ: ಹತ್ತು ಕೆಜಿ ಆರುನೂರ ಎಂಬತ್ತು ಗ್ರಾಂ.

ಅಬ್ಬಾ! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅವರಿಗೆ ಬೇಜಾರು. “ಇಪ್ಪತ್ತು ಗ್ರಾಂ ತಪ್ಪಿಹೋಯ್ತು. ಚಳಿಗೆ ಬೆರಳು ಮರಗಟ್ಟಿದೆ,” ಎಂದು ಕೈ ಉಜ್ಜಿಕೊಳ್ಳುತ್ತಾರೆ. ಈ ಬೀದಿಯಲ್ಲಿ ಯಾರನ್ನು ಕೇಳಿದರೂ ಅವರು ತೂಕದಕ್ಕ. ಅಂಗಡಿಯ ಮಾಲೀಕನಿಗೂ ಅಕ್ಕ, ದಿನಕ್ಕೊಂದು ದುಬಾರಿ ಕಾರು ತರುವ ಗಿರಾಕಿಗಳಿಗೂ ಅಕ್ಕ. ಕಾರಿಗೆ ಚಕ್ರ ಜೋಡಿಸುವುದು, ಟೈರು ಕೂರಿಸುವುದು, ತೂಕ ಸರಿದೂಗಿಸುವುದು ಅವರ ಕೆಲಸ. ಇಪ್ಪತ್ತಾರು ವರ್ಷದಿಂದ ಇದೇ.

ಇವತ್ತು ಅಂಗಡಿ ಇಷ್ಟು ಬೇಗ ತೆರೆದಿರುವುದಕ್ಕೆ ಕಾರಣ, ಹೊರಗೆ ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾಗಿ ನಿಂತಿರುವ ಕೆಂಪು ಸ್ಪೋರ್ಟ್ಸ್ ಕಾರು. ಕಣ್ಣಿನ ಡಾಕ್ಟರೊಬ್ಬರದು. ಕಂಪನಿಯ ಚಕ್ರ ಬಿಚ್ಚಿ, ಒಂದೊಂದೂ ಎರಡೂವರೆ ಕೆಜಿ ಹಗುರವಾದ ಹೊಸ ಚಕ್ರ ಹಾಕಿಸಬೇಕೆಂದು ಅವರಿಗೆ ಆಸೆ. ಹಾಕಿದರೆ ಕಾರು ತಿರುವಿನಲ್ಲಿ ಇನ್ನಷ್ಟು ಚೆನ್ನಾಗಿ ಮಾತು ಕೇಳುತ್ತದೆಯೇ? ಪ್ರಶ್ನೆ ಇಷ್ಟೇ. ಆದರೆ ತೂಕದಕ್ಕ ಹಗುರ ಚಕ್ರಕ್ಕೆ ‘ಹೂಂ’ ಅಂದು ಹನ್ನೊಂದು ವರ್ಷವಾಗಿದೆ. ಕೊನೆಯ ಸಲ ಅಂದಾಗ ಕಾರಿನಲ್ಲಿ ಕೂತಿದ್ದವರು ಅವರ ಗಂಡ.

ಗಂಡ ಇದೇ ಅಂಗಡಿಯ ಡ್ರೈವರು. ರಿಪೇರಿ ಮುಗಿದ ಕಾರನ್ನು ಓಡಿಸಿ ನೋಡಿ, ಇದು ಎಡಕ್ಕೆ ಎಳೆಯುತ್ತೆ, ಅದು ನಡುಗುತ್ತೆ ಎಂದು ಹೇಳುವುದರಲ್ಲಿ ಎತ್ತಿದ ಕೈ. ಆ ದಿನ ಯಾರೋ ಗಿರಾಕಿ ಹೊರಗಿನಿಂದ ತಂದ ಹಗುರ ಚಕ್ರಗಳನ್ನು ಅಕ್ಕ ಜೋಡಿಸಿದ್ದರು. ಕೈಗೆ ಹಗುರ, ನೋಡಲು ಅಂದ, ತಿರುಗಿಸಿದರೆ ಒಂದಿಷ್ಟೂ ಓಲಾಟವಿಲ್ಲ. ಎಷ್ಟು ಭಾರ ಹೊರಬಲ್ಲದು ಎಂಬ ಅಚ್ಚು ಚಕ್ರದ ಹಿಂಬದಿಯಲ್ಲಿ ಇರಬೇಕು. ಅದನ್ನು ಹುಡುಕಲಿಲ್ಲ. ಅಂಥ ಅಚ್ಚೇ ಅದರಲ್ಲಿ ಇರಲಿಲ್ಲ. ಮೂರನೇ ಗುಂಡಿಗೆ ಮುಂದಿನ ಚಕ್ರ ಎರಡು ಹೋಳಾಯಿತು. ಗಂಡನ ಎಡ ಮೊಣಕಾಲು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

“ತೂಕ ನೋಡಿದೆ, ಬಲ ನೋಡ್ಲಿಲ್ಲ,” ಎನ್ನುತ್ತಾರೆ ಅಕ್ಕ. “ಗಟ್ಟಿ ಇದೆಯೇನೇ ಅಂತ ಕೇಳಿದ್ರು. ಹೂಂ ಅಂದೆ. ತಿಳೀದೆ ಅಂದೆ.” ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ. ಗಂಡ ಮತ್ತೆ ಕಾರು ಓಡಿಸುತ್ತಿದ್ದಾರೆ, ಆದರೆ ಕಂಪನಿಯ ಚಕ್ರ ಇರುವುದನ್ನು ಮಾತ್ರ. ಹಗುರ ಚಕ್ರದ ಕಾರು ಬಂದರೆ ಬೀಗದ ಕೈಯನ್ನು ಮಾಲೀಕನಿಗೆ ಕೊಟ್ಟು ಸುಮ್ಮನೆ ಟೀ ಕುಡಿಯಲು ಹೋಗುತ್ತಾರೆ. ಗಂಡ ಹೆಂಡತಿ ಈ ಬಗ್ಗೆ ಮಾತಾಡಿಯೇ ಇಲ್ಲವಂತೆ.

ದಿನಕ್ಕೆ ಸರಾಸರಿ ನಲವತ್ತು ಚಕ್ರ ಅಕ್ಕನ ಕೈಗೆ ಬರುತ್ತವೆ. ಟೈರು ಸಮೇತ ಒಂದೊಂದೂ ಇಪ್ಪತ್ತೆರಡರಿಂದ ಇಪ್ಪತ್ತೈದು ಕೆಜಿ. ಬಿಚ್ಚುವಾಗೊಮ್ಮೆ, ಹಾಕುವಾಗೊಮ್ಮೆ. ಸಂಜೆ ಹೊತ್ತಿಗೆ ಎರಡು ಟನ್ ಹತ್ತಿರ ಎತ್ತಿಟ್ಟಿರುತ್ತಾರೆ! ನಾನು ಒಂದೇ ಒಂದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕೂತೆ. “ತೋಳಲ್ಲಿ ಎತ್ಬೇಡಿ ಸಾರ್, ತೊಡೇಲಿ ಎತ್ತಿ. ತೋಳು ನಿಮಗೆ ಬರೆಯೋಕೆ ಬೇಕಲ್ಲ,” ಎಂದು ನಕ್ಕರು.

ಡಾಕ್ಟರಿಗಂತೂ ಆಗಲೇ ನಂಬಿಕೆ ಬಂದುಬಿಟ್ಟಿದೆ. ಬೇರೆ ಅಂಗಡಿಯೊಂದರಲ್ಲಿ ಇದೇ ಚಕ್ರ ಹಾಕಿದ ಕಾರು ಓಡಿಸಿದ್ದರಂತೆ. “ಬೇರೆ ಕಾರೇ ಅನ್ನಿಸ್ತು ಅಕ್ಕಾ!” ಎನ್ನುತ್ತಾರೆ. ಅಕ್ಕ ಕೇಳುವುದು ಒಂದೇ ಮಾತು: “ಅದರ ಟೈರು ಹೊಸದಾ?” ಡಾಕ್ಟರು ತಲೆ ಕೆರೆದುಕೊಳ್ಳುತ್ತಾರೆ. ಹೌದು, ಹೊಸದು. “ನಿಮ್ಮದು ಸವೆದಿತ್ತು. ರೋಗಿಗೆ ಕನ್ನಡಕನೂ ಕೊಟ್ಟು ಔಷಧಿನೂ ಹಾಕಿದ್ರೆ ಯಾವುದರಿಂದ ಕಾಣಿಸ್ತು ಅಂತ ಹೇಗೆ ಹೇಳ್ತೀರಿ?”

ಅದಕ್ಕೇ ಅಕ್ಕ ಒಂದು ಉಪಾಯ ಹೂಡಿದ್ದಾರೆ. ಕಾರಿಗೆ ಹೊಸ ಟೈರು, ಹೊಸ ಹಗುರ ಚಕ್ರ ಹಾಕಿಯಾಗಿದೆ. ಇನ್ನು ಅವೆರಡೂ ಬದಲಾಗುವುದಿಲ್ಲ. ತೂಕ ಸರಿದೂಗಿಸಲು ಅಂಟಿಸುವ ಸೀಸದ ಪಟ್ಟಿಗಳನ್ನು ಚಕ್ರದ ಒಳಮೈಗೆ ಸುತ್ತಲೂ ಸಮನಾಗಿ ಅಂಟಿಸಿದರೆ, ಹಗುರ ಚಕ್ರ ಹಳೆಯದರಷ್ಟೇ ಭಾರವಾಗುತ್ತದೆ. ಕಿತ್ತರೆ ಮತ್ತೆ ಹಗುರ. ಒಟ್ಟು ನಾಲ್ಕು ಸುತ್ತು. ಪಟ್ಟಿ ಅಂಟಿಸುವುದು, ಕೀಳುವುದು ಮಾಲೀಕನ ಕೆಲಸ, ಅದೂ ಟಾರ್ಪಾಲಿನ ಮರೆಯಲ್ಲಿ. ಓಡಿಸುವ ಡಾಕ್ಟರಿಗೂ ಗೊತ್ತಾಗಬಾರದು, ಪಕ್ಕದಲ್ಲಿ ಕೂರುವ ಅಕ್ಕನಿಗೂ ಗೊತ್ತಾಗಬಾರದು. ಶಾಲೆಯನ್ನು ಏಳನೇ ತರಗತಿಗೆ ಬಿಟ್ಟ ಹೆಂಗಸು ಇವರು! ಇಂಥ ಪರೀಕ್ಷೆ ಎಲ್ಲಿ ಕಲಿತಿರಿ ಅಂದರೆ, “ಕಲಿಯೋದೇನು ಬಂತು? ನನ್ನನ್ನ ನಾನೇ ನಂಬಲ್ಲ, ಅಷ್ಟೇ,” ಎನ್ನುತ್ತಾರೆ.

ಅಂಗಡಿಯ ಹಿಂದೆ ಗೋದಾಮುಗಳ ಕಾಂಕ್ರೀಟು ಅಂಗಳವಿದೆ. ಒಂಬತ್ತು ಗಂಟೆಗೆ ಲಾರಿಗಳು ಬರುವವರೆಗೆ ಖಾಲಿ. ಒಂದು ಬದಿ ನುಣುಪು, ಇನ್ನೊಂದು ಬದಿ ಕಿತ್ತುಹೋಗಿ ಗುಂಡಿಮಯ. ಡಾಕ್ಟರು ಸ್ಟೇರಿಂಗ್ ಹಿಡಿಯುತ್ತಾರೆ. ಅಕ್ಕ ಬರಿಯ ಅಂಗಾಲನ್ನು ಕಾರಿನ ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ ಕೂರುತ್ತಾರೆ. ಸುತ್ತು ಮುಗಿದಾಗಲೆಲ್ಲ ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಚೀಟಿ ಬರೆದು ನನಗೆ ಕೊಡುತ್ತಾರೆ. ಮೊದಲ ಸುತ್ತು ಮುಗಿಸಿ ಇಳಿದ ಡಾಕ್ಟರ ಮುಖ ಅರಳಿದೆ. ‘ಹಗುರ. ಹಕ್ಕಿ ಹಾರಿದ ಹಾಗಿದೆ’ ಎಂದು ಬರೆದಿದ್ದಾರೆ. ಅಕ್ಕನ ಚೀಟಿಯಲ್ಲಿ ಒಂದೇ ಪದ: ‘ಭಾರ.’

ಏಳೂವರೆಗೆ ಮಾಲೀಕ ತಾನು ಬರೆದಿಟ್ಟ ಲೆಕ್ಕ ಓದುತ್ತಾನೆ. ಭಾರ, ಹಗುರ, ಹಗುರ, ಭಾರ. ಡಾಕ್ಟರದು ನಾಲ್ಕರಲ್ಲಿ ಎರಡು ಸರಿ. ಕಣ್ಣು ಮುಚ್ಚಿ ಹೇಳಿದ್ದರೂ ಅಷ್ಟು ಸರಿಯಾಗುತ್ತಿತ್ತು. ಅಕ್ಕ ಕಣ್ಣು ಮುಚ್ಚಿಯೇ ಹೇಳಿದ್ದರು. ನಾಲ್ಕಕ್ಕೆ ನಾಲ್ಕೂ ಸರಿ! ನಾನು ಚೀಟಿಗಳನ್ನು ಇನ್ನೊಮ್ಮೆ ತಾಳೆ ನೋಡುತ್ತೇನೆ.

“ಹೇಗಕ್ಕಾ?” ಡಾಕ್ಟರ ಧ್ವನಿಯೇ ಇಳಿದುಹೋಗಿದೆ.

“ನುಣುಪು ಕಡೆ ನನಗೂ ಏನೂ ಗೊತ್ತಾಗ್ಲಿಲ್ಲ ಸಾರ್. ಗುಂಡಿ ಇರೋ ತಿರುವಲ್ಲಿ ಗೊತ್ತಾಯ್ತು. ಭಾರದ ಚಕ್ರ ಗುಂಡೀಲಿ ಇಳಿದು ಎದ್ದ ಮೇಲೆ ಇನ್ನೊಂದು ಸಲ ಕುಣಿಯುತ್ತೆ. ಕುಣಿಯೋವಷ್ಟು ಹೊತ್ತು ಟೈರು ನೆಲ ಹಿಡಿಯಲ್ಲ. ಹಗುರದ್ದು ಇಳೀತು, ಎದ್ದಿತು, ತೆಪ್ಪಗಾಯ್ತು. ಫರಕು ಇದೆ. ಅಷ್ಟೇ ಅಷ್ಟು. ಹಕ್ಕಿಪಕ್ಕಿ ಏನೂ ಆಗಲ್ಲ ನಿಮ್ಮ ಕಾರು. ಟೈರು ಸವೆದಿದ್ರೆ ಮೊದ್ಲು ಟೈರು ಹಾಕಿಸಿ, ಚಕ್ರ ಆಮೇಲೆ.”

ಮಾಲೀಕ ಹಣೆ ಚಚ್ಚಿಕೊಳ್ಳುತ್ತಾನೆ. “ಇಷ್ಟೊಂದು ನಿಜ ಹೇಳಿದ್ರೆ ನಾನು ಚಕ್ರ ಮಾರೋದು ಹೇಗಕ್ಕಾ?” ಎಲ್ಲರೂ ನಗುತ್ತಾರೆ. ನಗು ನಿಂತ ಮೇಲೆ ಡಾಕ್ಟರು ಕೇಳಿಯೇ ಬಿಡುತ್ತಾರೆ: “ಗಟ್ಟಿ ಇದೆಯಾ?”

ಬಾಗಿಲ ಬಳಿ ಟೀ ಲೋಟ ಹಿಡಿದು ನಿಂತಿದ್ದ ಗಂಡ ತಲೆ ಎತ್ತುತ್ತಾರೆ. ಅಕ್ಕ ಉತ್ತರ ಕೊಡದೆ ನಾಲ್ಕೂ ಚಕ್ರ ಮತ್ತೆ ಬಿಚ್ಚುತ್ತಾರೆ. ಭಾರದ ಅಚ್ಚನ್ನು ಬೆರಳಿಟ್ಟು ಓದುತ್ತಾರೆ. ಕಾರಿನ ಭಾರಕ್ಕೆ ಅದು ಸಾಕು, ಮಿಗುತ್ತದೆ. ಕಳೆದ ಎಂಟು ದಿನ ಕಾರನ್ನು ಅಂಗಡಿಯಲ್ಲೇ ಉಳಿಸಿಕೊಂಡು, ಮಾಲೀಕನ ಕೈಯಲ್ಲಿ ಇದೇ ಚಕ್ರಗಳ ಮೇಲೆ ಊರಿನ ಹಾಳು ರಸ್ತೆಗಳಲ್ಲೆಲ್ಲ ಓಡಿಸಿದ್ದಾರೆ, ದಿನಾ ಸಂಜೆ ಬಿಚ್ಚಿ ನೋಡಿದ್ದಾರೆ. ಈಗ ಕೊನೆಯ ಸಲ. ಕೆಂಪು ದ್ರವ ಬಳಿದು, ಕಾದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಕೂದಲೆಳೆಯಷ್ಟು ಬಿರುಕಿದ್ದರೂ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ನಾವೆಲ್ಲ ಬಗ್ಗಿ ನೋಡುತ್ತಾ ಕಾಯುತ್ತೇವೆ. ಹತ್ತು ನಿಮಿಷ. ಗೆರೆ ಇಲ್ಲ.

“ಹೂಂ,” ಎನ್ನುತ್ತಾರೆ ತೂಕದಕ್ಕ.

ಚಕ್ರಗಳು ಮತ್ತೆ ಕಾರಿಗೆ ಕೂರುತ್ತವೆ. “ಓಡಿಸೋದು ಗೊತ್ತಿರೋರು ಒಂದು ಸುತ್ತು ಹೋಗಿ ಬಂದ್ರೆ ನನಗೆ ಧೈರ್ಯ,” ಎಂದು ಡಾಕ್ಟರು ಬೀಗದ ಕೈಯನ್ನು ಮಾಲೀಕನ ಕಡೆ ಚಾಚುತ್ತಾರೆ. ನಡುವೆ ಇನ್ನೊಂದು ಕೈ ಬಂದು ಅದನ್ನು ತೆಗೆದುಕೊಳ್ಳುತ್ತದೆ. ಗಂಡನ ಕೈ.

“ರೀ, ಬೇಡ,” ಎನ್ನುತ್ತಾರೆ ಅಕ್ಕ.

“ಹೂಂ ಅಂದ್ಯಲ್ಲ.”

“ಅಂದೆ...”

“ಮತ್ತೆ? ಹನ್ನೊಂದು ವರ್ಷದಿಂದ ಅದಕ್ಕೇ ಕಣೇ ಕಾಯ್ತಾ ಇದ್ದದ್ದು.”

ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಅವರು ಕೂರುತ್ತಾರೆ. ಕ್ಲಚ್ಚಿಲ್ಲದ ಕಾರು, ಆ ಕಾಲಿಗೆ ಕೆಲಸವಿಲ್ಲ. ಅಕ್ಕ ಓಡಿಹೋಗಿ ಪಕ್ಕದ ಸೀಟಿಗೆ ಹತ್ತುತ್ತಾರೆ. ಕಾರು ಗುಂಡಿಗಳ ಕಡೆಗೇ ನೇರ ಹೋಗುತ್ತದೆ, ತಿರುಗುತ್ತದೆ, ಮತ್ತೆ ತಿರುಗುತ್ತದೆ. ವಾಪಸು ಬಂದು ನಿಂತಾಗ ಅಕ್ಕನ ಕೆನ್ನೆ ಒದ್ದೆ. ಗಂಡ ಮಾತ್ರ ಮಿಠಾಯಿ ಸಿಕ್ಕ ಮಗುವಿನ ಹಾಗೆ ನಗುತ್ತಿದ್ದಾರೆ.

“ಇನ್ನೊಂದು ಸುತ್ತು?” ಎಂದು ಹೆಂಡತಿಯನ್ನು ಕೇಳುತ್ತಾರೆ.

“ಕಾರು ಅವರದ್ದು. ಅವರನ್ನ ಕೇಳಿ.”

ಡಾಕ್ಟರು ಎರಡೂ ಕೈ ಎತ್ತಿ, ಹೋಗಿ, ಹೋಗಿ ಎನ್ನುತ್ತಾರೆ. ಗಂಡ ಪಕ್ಕಕ್ಕೆ ನೋಡುತ್ತಾರೆ. ಅಕ್ಕ ಆಗಲೇ ಇಳಿದು ಬಾಗಿಲು ಹಾಕಿದ್ದಾರೆ.

“ಯಾಕೆ, ಬರಲ್ವಾ?”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಗೆ ಬಗ್ಗುತ್ತಾರೆ. “ಈ ಸಲ ನೀವೊಬ್ರೇ ಹೋಗಿ ಬನ್ನಿ. ಚಕ್ರ ಹಾಕಿರೋದು ನಾನು.”