ಮೊಸರನ್ನಕ್ಕೆ ಹದಿನೇಳು ಹೃದಯ

ಕಳ್ಳತನದಿಂದ ಒಳಗೆ ನುಗ್ಗುವವರಿಗೆ ಕನ್ನಡ ಮೇಡಂ ಆಗಿದ್ದ ಅಭ್ಯಾಸ ಇರಬಾರದು. ಸರ್ವಮಂಗಳಮ್ಮನವರು ಮೂವತ್ತು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವರು. ಮಗಳು ಶಿವಾನಿಯ ಆನ್‌ಲೈನ್ ಗುಂಪಿಗೆ ‘ಮಲ್ಲಿಗೆಮೊಗ್ಗು’ ಅಂತ ಸುಳ್ಳು ಹೆಸರಿನಲ್ಲಿ ಸೇರಿ, ಮೊದಲ ಸಂದೇಶ ಬರೆದು, ಕೊನೆಗೆ ‘ಇಂತಿ, ಸರ್ವಮಂಗಳಾ, ನಾಲ್ಕನೇ ಮುಖ್ಯರಸ್ತೆ, ಚಾಮರಾಜಪೇಟೆ’ ಎಂದು ರುಜು ಹಾಕಿ ಕಳಿಸಿಯೇಬಿಟ್ಟರು. ಅಳಿಸುವಷ್ಟರಲ್ಲಿ ಯಾರೋ, “ಆಂಟಿ, ಇಲ್ಲಿ ಅಡ್ರೆಸ್ ಹಾಕ್ಬೇಡಿ” ಎಂದು ಬುದ್ಧಿ ಹೇಳಿಯಾಗಿತ್ತು.

ಅದು ಊಟ ಕಂಡರೆ ಹೆದರುವ ಕಾಯಿಲೆಯವರ ಗುಂಪು. ಶಿವಾನಿಗೆ ಎರಡು ವರ್ಷದಿಂದ ಆ ಕಾಯಿಲೆ. ಡಾಕ್ಟರ ಕೈಗುಣದಿಂದ ಈಗೀಗ ಚೇತರಿಕೆ. ಮನೆಯಲ್ಲಿ ಅವಳ ಮಾತು ಎರಡೇ: “ಸಾಕಮ್ಮ”, “ಆಯ್ತಮ್ಮ”. ಗುಂಪಿನಲ್ಲಾದರೆ ಪುಟಗಟ್ಟಲೆ. ಅಲ್ಲಿ ಎಲ್ಲರೂ ಕಾಯಿಲೆಯನ್ನು ‘ಅವಳು’ ಎನ್ನುತ್ತಿದ್ದರು, ಬಾಡಿಗೆಗೆ ಬಂದು ಮನೆ ಬಿಡದ ಹೆಂಗಸಿನ ಹಾಗೆ.

“ಇವತ್ತು ಅವಳು ಬೇಡ ಬೇಡ ಅಂತ ಕಿರುಚಿದಳು. ಆದ್ರೂ ಮೊಸರನ್ನ ತಿಂದೆ” ಎಂದು ಶಿವಾನಿ ಬರೆದಿದ್ದಳು. ಕೆಳಗೆ ಹದಿನೇಳು ಹೃದಯ. ಮಾವಳ್ಳಿಯ ಅಕ್ಷಯಾ ಎಂಬುವಳು “ಭೇಷ್ ಕಣೇ” ಅಂದಿದ್ದಳು. ಅದಕ್ಕೆ ಶಿವಾನಿ, “ನೀನಿದೀಯಲ್ಲ ಅಕ್ಕ, ಅದಕ್ಕೇ ಆಯ್ತು.”

ಸರ್ವಮಂಗಳಮ್ಮನವರ ಹೊಟ್ಟೆಯಲ್ಲಿ ಕೆಂಡ ಬಿತ್ತು. ಹಾಲಿಗೆ ಹೆಪ್ಪು ಹಾಕಿದವರು ಯಾರು, ಶುಂಠಿ ಹೆಚ್ಚಿದವರು ಯಾರು? ಬಿರುದು ಮಾತ್ರ ಮಾವಳ್ಳಿಗೆ. ಅಕ್ಷಯಾ ಸಾಲದೆಂದು ಹೊಟ್ಟೆಕಿಚ್ಚು ‘ಅವಳ’ ಮೇಲೂ ಹಬ್ಬಿತು. ಬೇಡ ಅನ್ನುವ ಆ ಕಾಯಿಲೆಯ ಮಾತಿಗಾದರೂ ಮಗಳು ಕಿವಿಗೊಡುತ್ತಾಳೆ. ತಿನ್ನು ಅನ್ನುವ ತಾಯಿಯ ಮಾತಿಗೆ ಅದೂ ಇಲ್ಲ.

ರಾತ್ರಿ ಊಟದ ಹೊತ್ತಿಗೆ ಶಿವಾನಿ ಅಡುಗೆಮನೆಗೆ ಬಂದಳು.

“ಮಲ್ಲಿಗೆಮೊಗ್ಗು ಅವರೇ, ತಟ್ಟೆ ಹಾಕ್ಲಾ?”

“ಸುಮ್ನೆ ನೋಡೋಣ ಅಂತ ಕಣೇ...”

“ಅದು ನಮ್ ಜಾಗ ಅಮ್ಮ. ಹೊರಗೆ ಬಂದ್ಬಿಡು.”

“ಆಗಲೇ ಬಂದೆ. ಅವರೇ ಆಚೆ ಹಾಕಿದ್ರು.”

ಲಿಂಗಪೂಜೆಯ ಮನೆ. ತಟ್ಟೆಗೆ ಬಿದ್ದದ್ದು ಪ್ರಸಾದ, ಒಂದಗುಳೂ ಬಿಡುವಂತಿಲ್ಲ. ಆ ಧೈರ್ಯದ ಮೇಲೇ ಸರ್ವಮಂಗಳಮ್ಮನವರು ಎರಡು ವರ್ಷದಿಂದ ಮಗಳು ಸಾಕೆಂದ ಮೇಲೂ ಬಡಿಸುತ್ತಿದ್ದರು. ಇವತ್ತೂ ಅನ್ನದ ಸೌಟು ಎತ್ತಿ ಹಿಡಿದುಕೊಂಡೇ, ಮನಸ್ಸಿನಲ್ಲಿದ್ದುದನ್ನು ಕೇಳಿಬಿಟ್ಟರು.

“ಮುಖ ನೋಡದೋರಿಗೆಲ್ಲ ಹೇಳ್ಕೋತೀಯ. ಹೆತ್ತೋಳಿಗೆ ಯಾಕೆ ಹೇಳಲ್ಲ?”

ಶಿವಾನಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

“ಅವ್ರ ಕೈಲಿ ಸೌಟಿಲ್ಲಮ್ಮ.”